ಬೂ ಅಂದವರ್ಯಾರು?

ಈ ವಾರವೆಲ್ಲ ನನ್ನ ತಲೆ ತಿನ್ನುತ್ತಿರುವುದು ಒಂದೇ ಪ್ರಶ್ನೆ. 1999ರಲ್ಲಿ ಬ್ರಿಸ್ಟಲ್ ನೈಟ್ ರೇಸ್ (ಅಮೆರಿಕದ ನ್ಯಾಸ್ಕಾರ್ ಕಾರ್ ರೇಸ್) ಮುಗಿದ ಕ್ಷಣದಲ್ಲಿ ನಮ್ಮ ಪಕ್ಕದ ಮನೆಯ ಅಜ್ಜ ಬೂ ಅಂತ ಕೂಗಿದರೋ, ಇಲ್ಲ ಚಪ್ಪಾಳೆ ಹೊಡೆದರೋ? ಅಜ್ಜ ಹೇಳುವುದು ಒಂದು, ಅಜ್ಜಿ ಹೇಳುವುದು ಇನ್ನೊಂದು. ನನಗೆ ಇದರಿಂದ ಆಗಬೇಕಾದ್ದು ಏನೂ ಇಲ್ಲ. ಆದರೂ ಪಾತ್ರೆ ತೊಳೆಯುವಾಗಲೂ ಅದೇ, ಆಫೀಸಿನ ಮೀಟಿಂಗಲ್ಲಿ ಕೂತಾಗಲೂ ಅದೇ.

ಪೂರ್ವ ಟೆನೆಸ್ಸಿಯಲ್ಲಿ ಮನೆ ಮಾಡಿದ ಮೇಲೆ ಈ ರೇಸಿನಿಂದ ತಪ್ಪಿಸಿಕೊಳ್ಳೋದು ಕಷ್ಟ. ನನ್ನ ಗಂಡ ಮಾತ್ರ ಹೇಗೋ ತಪ್ಪಿಸಿಕೊಂಡೇ ಬಂದಿದ್ದಾರೆ. "ಸುತ್ತು ಹೊಡೆದು ಹೊಡೆದು ಹೊರಟಲ್ಲಿಗೇ ಬರೋಕೆ ಇಷ್ಟೊಂದು ಪೆಟ್ರೋಲಾ" ಅನ್ನೋದು ಅವರ ಖಾಯಂ ಮಾತು. ಅಜ್ಜಿಗೆ ಮಂಡಿ ನೋವು, ಅಷ್ಟು ಮೆಟ್ಟಿಲು ಹತ್ತಲಾರೆ ಅಂದರು. ಹಾಗಾಗಿ ಅವರ ಟಿಕೆಟ್ ನನಗೆ ಬಂತು. ಕಳೆದ ಶನಿವಾರ (2024ರ ಸೆಪ್ಟೆಂಬರ್ 21) ಅಜ್ಜ, ಅವರ ಅಳಿಯ, ನಾನು, ಒಂದು ಕೂಲರ್ ತುಂಬ ತಿಂಡಿ, ಕಿವಿಗೆ ಹಾಕಲು ಇಯರ್ ಪ್ಲಗ್.

ಹೊರಗಿನಿಂದ ನೋಡಿದರೆ ಅದು ರೇಸ್ ಟ್ರ್ಯಾಕ್ ಅನ್ನಿಸುವುದೇ ಇಲ್ಲ, ಗುಡ್ಡಗಳ ನಡುವೆ ಎದ್ದು ನಿಂತ ದೊಡ್ಡ ಕ್ರೀಡಾಂಗಣ. ಒಳಗೆ ಟ್ರ್ಯಾಕ್ ಮಾತ್ರ ಚಿಕ್ಕದು. ಒಂದು ಸುತ್ತು 0.533 ಮೈಲಿ, ಅಂದರೆ ಒಂದು ಕಿಲೋಮೀಟರ್ ಕೂಡ ಇಲ್ಲ. ತಿರುವುಗಳು 24ರಿಂದ 28 ಡಿಗ್ರಿ ಓರೆ. ಹದಿನೈದು ಹದಿನಾರು ಸೆಕೆಂಡಿಗೆ ಒಂದು ಸುತ್ತು, ಅಂಥವು 500. ಸುಮಾರು ನಲವತ್ತು ಕಾರುಗಳು ಆ ಬಟ್ಟಲಿನೊಳಗೆ ಸುತ್ತುವಾಗ ಸದ್ದು ಕಿವಿಯಿಂದ ಬರುವುದಿಲ್ಲ, ಎದೆಯಿಂದ ಬರುತ್ತದೆ. ಅಜ್ಜ ತಮ್ಮ ಸ್ಕ್ಯಾನರಿನ ಹೆಡ್‌ಫೋನ್ ನನ್ನ ತಲೆಗೆ ಹಾಕಿದರು. ಡ್ರೈವರಿಗೂ, ಮೇಲೆ ನಿಂತು ಅಕ್ಕಪಕ್ಕ ಯಾರಿದ್ದಾರೆ ಅಂತ ಹೇಳುವ ಸ್ಪಾಟರಿಗೂ ನಡೆಯುವ ಮಾತು ಅದರಲ್ಲಿ ಕೇಳುತ್ತದೆ. ಹೊರಗೆ ಒಬ್ಬ ಇದ್ದಾನೆ, ಒಳಗೆ ಒಬ್ಬ ಇದ್ದಾನೆ, ಈಗ ಯಾರೂ ಇಲ್ಲ. ಮೂರು ಗಂಟೆ ಹತ್ತಿರ ಹತ್ತಿರ ಇದೇ. ರೇಸಿಗಿಂತ ಅದೇ ನನಗೆ ಇಷ್ಟವಾಯಿತು.

ಯಾಕಂದರೆ ರೇಸು ನಿಜಕ್ಕೂ ಬೋರು. ಕೈಲ್ ಲಾರ್ಸನ್ ಅನ್ನುವವನು 500ರಲ್ಲಿ 462 ಸುತ್ತು ಮುಂದೆಯೇ ಇದ್ದ. ಎಷ್ಟು ಚೆನ್ನಾಗಿ ಓಡಿಸಿದ ಅಂತ ಮೆಚ್ಚಬೇಕು ನಿಜ, ಆದರೆ ನೋಡುವವರಿಗೆ ಏನು ಮಜಾ? ಅಳಿಯ ಅರ್ಧ ರೇಸಿಗೇ ಮೊಬೈಲ್ ತೆಗೆದ. (ಈ ಅಳಿಯ ಮಾವನ ಎದುರು ಎಲ್ಲದಕ್ಕೂ ತಲೆಯಾಡಿಸಿ, ಹಿಂದೆ ತಿರುಗಿ ಕಣ್ಣು ಹೊರಳಿಸುವ ಜಾತಿ. ನಮ್ಮಲ್ಲೂ ಬೇಕಾದಷ್ಟು ಇದ್ದಾರೆ.) ಅಜ್ಜ ಕಡಲೆಕಾಯಿ ಸುಲಿಯುತ್ತಾ, "ಇವತ್ತು ಯಾರೂ ಯಾರಿಗೂ ಗುದ್ದುತ್ತಲೇ ಇಲ್ಲವಲ್ಲ" ಅಂತ ಗೊಣಗಿದರು. ಅಲ್ಲಿಂದ ಮಾತು 1999ಕ್ಕೆ ಹೋಯಿತು. ಈ ಊರಿನಲ್ಲಿ ಯಾವ ಮಾತಾದರೂ ಕೊನೆಗೆ ಹೋಗಿ ನಿಲ್ಲೋದು ಅಲ್ಲೇ.

1999ರ ಆಗಸ್ಟ್ 28ರ ರಾತ್ರಿ. ಕಪ್ಪು ಬಣ್ಣದ 3ನೇ ನಂಬರ್ ಕಾರಿನಲ್ಲಿ ಡೇಲ್ ಅರ್ನ್‌ಹಾರ್ಟ್, ಕೆಲಾಗ್ಸ್ ಕಾರ್ನ್‌ಫ್ಲೇಕ್ಸಿನ 5ನೇ ನಂಬರ್ ಕಾರಿನಲ್ಲಿ ಟೆರಿ ಲಬಾಂಟಿ. ಮೊದಲನೆಯವನನ್ನು ಎಲ್ಲರೂ ಇಂಟಿಮಿಡೇಟರ್ ಅನ್ನುತ್ತಿದ್ದರು, ಎರಡನೆಯವನನ್ನು ಐಸ್‌ಮ್ಯಾನ್. ಕೊನೆ ಹತ್ತಿರ ಹಳದಿ ಬಾವುಟ (ಎಲ್ಲರೂ ನಿಧಾನವಾಗಿ ಹೋಗಿ ಅನ್ನೋ ಸೂಚನೆ) ಇರುವಾಗ ಲಬಾಂಟಿಯ ಕಾರಿಗೆ ಹಿಂದಿನಿಂದ ಡ್ಯಾರೆಲ್ ವಾಲ್ಟ್ರಿಪ್ ತಾಗಿಸಿ ಅದು ಗಿರಕಿ ಹೊಡೆಯಿತು. ಸರಿ, ಹೇಗೂ ಹೋಯಿತು ಅಂತ ಪಿಟ್‌ಗೆ ಹೋಗಿ ಹೊಸ ಟಯರು ಹಾಕಿಸಿಕೊಂಡು ಬಂದ. ಉಳಿದದ್ದು ಕೆಲವೇ ಸುತ್ತು. ಹಳೇ ಟಯರಿನವರನ್ನೆಲ್ಲ ಒಬ್ಬೊಬ್ಬರಾಗಿ ದಾಟಿ, ಕೊನೆಯ ಸುತ್ತಿನ ಬಿಳಿ ಬಾವುಟ ಬೀಸುವ ಹೊತ್ತಿಗೆ ಅರ್ನ್‌ಹಾರ್ಟನನ್ನೂ ದಾಟಿದ. ಇನ್ನೊಂದೇ ಸುತ್ತು. ಅರ್ನ್‌ಹಾರ್ಟ್ ಹಿಂದಿನಿಂದ ಗುದ್ದಿದ. ಲಬಾಂಟಿ ತಿರುಗಿ ಬಿದ್ದ, ಹಿಂದೆ ಬಂದವರು ಅವನ ಮೇಲೆ ಬಿದ್ದರು, ಕಪ್ಪು ಕಾರು ಗೆದ್ದಿತು.

ಆಮೇಲೆ ಅರ್ನ್‌ಹಾರ್ಟ್ ಕೊಟ್ಟ ಸಮಜಾಯಿಷಿ ಇವತ್ತಿಗೂ ಟೀ ಶರ್ಟಿನ ಮೇಲೆ ಕಾಣುತ್ತದೆ. ತಿರುಗಿಸಿ ಬೀಳಿಸಬೇಕು ಅಂತ ಇರಲಿಲ್ಲ, ಸ್ವಲ್ಪ ಅಲ್ಲಾಡಿಸಬೇಕು ಅಂತಿದ್ದೆ ಅಷ್ಟೇ ಅಂದ. ಸುಮ್ನೆ ಹೇಳಿದ್ದು ಅಂತ ನನಗನ್ನಿಸುತ್ತದೆ. ನಾಲ್ಕು ವರ್ಷ ಮುಂಚೆ, 1995ರಲ್ಲಿ, ಇದೇ ರಾತ್ರಿ ರೇಸಿನ ಕೊನೆಯ ಸುತ್ತಿನಲ್ಲಿ ಇದೇ ಲಬಾಂಟಿಗೆ ಇವನೇ ಗುದ್ದಿದ್ದ. ಆಗ ಲಬಾಂಟಿಯ ಕಾರು ಅಡ್ಡಡ್ಡ ಜಾರುತ್ತಲೇ ಗೆರೆ ದಾಟಿ ಗೆದ್ದಿತ್ತು, ಮೂತಿ ಜಜ್ಜಿದ ಕಾರಿನಲ್ಲೇ ಬಹುಮಾನ ತಗೊಳ್ಳಲು ಹೋದ. ಒಂದು ಸಲ ಆಗಿದ್ದರೆ ಕೈ ತಪ್ಪಿತು ಅನ್ನಬಹುದು. ಎರಡೆರಡು ಸಲ?

ಅಜ್ಜ ಇಷ್ಟನ್ನೂ ಹೇಳಿ, ಒಂದು ಕಡಲೆಕಾಯಿ ಸುಲಿದು, ಟ್ರ್ಯಾಕಿನಿಂದ ಕಣ್ಣು ತೆಗೆಯದೆ ಅಂದರು: "ಲಕ್ಷಕ್ಕೂ ಜಾಸ್ತಿ ಜನ ಬೂ ಅಂದರು. ನಾನೂ ಅಂದೆ. ನನ್ನ ತಲೆ ಮೇಲೆ ಅವನದೇ ಟೋಪಿ ಇತ್ತು."

ಆ ಮಾತು ನನಗೆ ಎಷ್ಟು ಹಿಡಿಸಿತು ಅಂದರೆ ಮನೆಗೆ ಬಂದು ಗಂಡನಿಗೂ ಹೇಳಿದೆ, ಬೆಂಗಳೂರಿಗೆ ಫೋನ್ ಮಾಡಿ ತಂಗಿಗೂ ಹೇಳಿದೆ. ತನ್ನವನಿಗೇ ಬೂ ಅನ್ನಲು ಎಷ್ಟು ಜನಕ್ಕೆ ಆಗುತ್ತದೆ, ಅಲ್ವಾ? ರಾಜಕೀಯದಲ್ಲಿ ಆಗುತ್ತದಾ, ಸಿನಿಮಾದಲ್ಲಿ ಆಗುತ್ತದಾ? ನಮ್ಮ ಮನೆಯ ಜಗಳದಲ್ಲೇ ಆಗುವುದಿಲ್ಲ.

ಮರುದಿನ ಟಿಕೆಟಿಗೆ ಥ್ಯಾಂಕ್ಸ್ ಹೇಳೋಣ ಅಂತ ಸ್ವಲ್ಪ ಕೇಸರಿಬಾತ್ ತಗೊಂಡು ಅಜ್ಜಿಯ ಹತ್ತಿರ ಹೋದೆ. ಅಜ್ಜ ಒಳಗೆ ಮಲಗಿದ್ದರು. ಟೋಪಿಯ ಮಾತು ಹೇಳಿದೆ. ಅಜ್ಜಿ ಚಮಚ ಕೆಳಗಿಟ್ಟು ನಗಲು ಶುರು ಮಾಡಿದರು. "ಅವನು ಬೂ ಅಂದನಂತಾ? ನಾನು ಅವನ ಪಕ್ಕದಲ್ಲೇ ಇದ್ದೆ ಮಗೂ. ಬೆಂಚಿನ ಮೇಲೆ ಹತ್ತಿ ಕುಣಿದ. ಬೂ ಅಂದದ್ದು ನಾನು."

ಇಬ್ಬರಲ್ಲಿ ಯಾರು ಸುಳ್ಳು ಹೇಳುತ್ತಿದ್ದಾರೆ? ಯಾರೂ ಇಲ್ಲ ಅಂತಲೇ ನನ್ನ ಅನುಮಾನ. 2001ರ ಫೆಬ್ರವರಿಯಲ್ಲಿ ಡೇಟೋನಾ ರೇಸಿನ ಕೊನೆಯ ಸುತ್ತಿನಲ್ಲಿ ಅರ್ನ್‌ಹಾರ್ಟ್ ಸತ್ತ. ಸತ್ತವನ ಅಭಿಮಾನಿಯಾಗಿರುವುದು ಸುಲಭ, ಆದರೆ ಆ ಗುದ್ದನ್ನು ಎಲ್ಲಿಡುವುದು? ಅವತ್ತು ಕುಣಿದದ್ದನ್ನು ಇಪ್ಪತ್ತೈದು ವರ್ಷ ಹೊತ್ತುಕೊಂಡು ತಿರುಗುವುದಕ್ಕಿಂತ ಬೂ ಅಂದೆ ಅಂತ ನೆನಪಿಟ್ಟುಕೊಳ್ಳುವುದು ಹಗುರ. ಅವರು ಬೇಕಂತ ಬದಲಾಯಿಸಿದ್ದಲ್ಲ, ವರ್ಷ ಕಳೆದಂತೆ ತಾನಾಗಿ ಬದಲಾಗಿರಬೇಕು. ಯೂಟ್ಯೂಬಿನಲ್ಲಿ ಆ ರೇಸಿನ ಕೊನೆ ಹುಡುಕಿ ನೋಡಿದೆ. ಬೂ ಅನ್ನೋದು ಚೆನ್ನಾಗಿಯೇ ಕೇಳುತ್ತದೆ. ಅದರ ಒಳಗೆ ಚಪ್ಪಾಳೆ ಎಷ್ಟಿತ್ತು ಅಂತ ಯಾರಿಗೆ ಗೊತ್ತು.

ಇದನ್ನೇ ಯೋಚಿಸುತ್ತಾ ಈ ಟ್ರ್ಯಾಕಿನ ಹಳೇ ಕಥೆಗಳನ್ನೆಲ್ಲ ಓದಿದೆ. ಲ್ಯಾರಿ ಕ್ಯಾರಿಯರ್, ಕಾರ್ಲ್ ಮೂರ್ ಅನ್ನುವ ಇಬ್ಬರು 1960ರಲ್ಲಿ ಶಾರ್ಲಟ್‌ಗೆ ಹೋಗಿ ರೇಸ್ ನೋಡಿ, ನಮ್ಮೂರಲ್ಲೂ ಒಂದು ಇರಲಿ ಅಂದುಕೊಂಡರು. ಲಕೋಟೆಗಳ ಮೇಲೆ, ಕಂದು ಬಣ್ಣದ ಕಾಗದದ ಚೀಲಗಳ ಮೇಲೆ ನಕ್ಷೆ ಬರೆದರು. ಮೊದಲು ಪೈನಿ ಫ್ಲಾಟ್ಸ್‌ನಲ್ಲಿ ಕಟ್ಟಲು ಹೊರಟರೆ ಅಲ್ಲಿನವರು ಬೇಡವೇ ಬೇಡ ಅಂದರು. ಆಮೇಲೆ ಹಸು ಸಾಕುತ್ತಿದ್ದ ಒಂದು ಡೇರಿಯ ಜಮೀನಿನಲ್ಲಿ ಕಟ್ಟಿದರು. 1961ರ ಜುಲೈ 30ರಂದು ಮೊದಲ ರೇಸ್, ಹೆಸರು ವಾಲಂಟಿಯರ್ 500. ಗೆದ್ದವನು ಜ್ಯಾಕ್ ಸ್ಮಿತ್. ಆದರೆ ಗೆಲ್ಲುವಾಗ ಅವನು ಕಾರಿನೊಳಗೆ ಇರಲೇ ಇಲ್ಲ! ಕಾರಿನ ತಳ ಕಾದು ಪಾದ ಬೊಬ್ಬೆ ಬಂದು 290 ಸುತ್ತಿಗೇ ಇಳಿದಿದ್ದ, ಉಳಿದದ್ದನ್ನು ಓಡಿಸಿದವನು ಜಾನಿ ಆಲನ್. ಕಾಗದದ ಮೇಲೆ ಗೆದ್ದದ್ದು ಮಾತ್ರ ಸ್ಮಿತ್. ಮೊದಲ ದಿನವೇ ಇಲ್ಲಿ ಯಾರು ಏನು ಮಾಡಿದರು ಅನ್ನೋದಕ್ಕೂ ದಾಖಲೆಗೂ ತಾಳೆಯಿಲ್ಲ. ಬೇಸಗೆಯ ಆ ಸೆಕೆಗೆ ಪರಿಹಾರವೋ ಏನೋ, 1978ರಲ್ಲಿ ಆಗಸ್ಟ್ ರೇಸನ್ನು ರಾತ್ರಿಗೆ ಹಾಕಿದರು. ಅದೇ ಈ ನೈಟ್ ರೇಸ್. 2020ರಿಂದ ಸೆಪ್ಟೆಂಬರಿಗೆ ಬಂದಿದೆ.

ನಾನು ಮೂಡುಬಿದಿರೆ ಕಡೆಯವಳು, ರಾತ್ರಿಯಿಡೀ ಲೈಟಿನ ಕೆಳಗೆ ಓಟ ನೋಡುವುದು ನನಗೆ ಹೊಸದಲ್ಲ. ಆದರೆ ನಮ್ಮ ಜೋಡುಕರೆ ಕಂಬಳದಲ್ಲಿ ಒಂದು ಜೋಡಿ ಕೋಣಕ್ಕೆ ಒಂದು ಕರೆ (ಓಡುವ ಕೆಸರಿನ ದಾರಿ), ಇನ್ನೊಂದಕ್ಕೆ ಇನ್ನೊಂದು. ನಿನ್ನ ದಾರಿ ನಿನಗೆ, ನನ್ನ ದಾರಿ ನನಗೆ, ಸೋತರೆ ಬೈಯಲು ಪಕ್ಕದವನು ಸಿಗುವುದಿಲ್ಲ. ಬ್ರಿಸ್ಟಲ್‌ನಲ್ಲಿ ಒಳ್ಳೆಯ ದಾರಿ ಒಂದೇ ಇತ್ತು, ಒಳಗಡೆಯದ್ದು. ಮುಂದಿನವನನ್ನು ಸ್ವಲ್ಪ ನೂಕದೆ ದಾಟಲು ಜಾಗವೇ ಇರಲಿಲ್ಲ. ಬಂಪ್ ಅಂಡ್ ರನ್ ಅಂತ ಅದಕ್ಕೊಂದು ಹೆಸರೂ ಇದೆ. ಎಲ್ಲರೂ ನೂಕುತ್ತಿದ್ದರು. ಎಷ್ಟು ನೂಕಿದರೆ ಆಟ, ಎಷ್ಟು ನೂಕಿದರೆ ಮೋಸ ಅನ್ನೋದು ಮಾತ್ರ ಗೆದ್ದವನು ಯಾರು ಅನ್ನೋದರ ಮೇಲೆ ನಿಂತಿತ್ತು.

2007ರಲ್ಲಿ ಟ್ರ್ಯಾಕಿಗೆ ಹೊಸ ಕಾಂಕ್ರೀಟ್ ಹಾಕಿ ಓರೆಯನ್ನು ಬದಲಾಯಿಸಿದರು. ಅಕ್ಕಪಕ್ಕ ಓಡಿಸಬಹುದು, ಗುದ್ದದೆಯೂ ದಾಟಬಹುದು. ಡ್ರೈವರುಗಳಿಗೆ ಖುಷಿ. ಜನ ಏನಂದರು? ಇದು ನಮ್ಮ ಬ್ರಿಸ್ಟಲ್ ಅಲ್ಲ ಅಂದರು! 1982ರಿಂದ ಸತತವಾಗಿ 55 ರೇಸಿಗೆ ಟಿಕೆಟ್ ಪೂರ್ತಿ ಖಾಲಿಯಾಗುತ್ತಿದ್ದ ಜಾಗ ಅದು. ಗಂಡ ಹೆಂಡತಿ ಬೇರೆಯಾಗುವಾಗ ಮನೆಗಿಂತ ಜಾಸ್ತಿ ರೇಸ್ ಸೀಟಿಗೆ ಜಗಳವಾಗುತ್ತಿತ್ತು ಅಂತ ಇಲ್ಲಿನವರು ಹೇಳುತ್ತಾರೆ. 2010ರಲ್ಲಿ ಆ ಸರಣಿ ಮುರಿಯಿತು. ಆಗ ಜನರ ಕೈಯಲ್ಲಿ ದುಡ್ಡೂ ಇರಲಿಲ್ಲ ಅನ್ನಿ. 2012ರಲ್ಲಿ ಮತ್ತೆ ಮೇಲಿನ ಭಾಗವನ್ನು ಉಜ್ಜಿ ಹಳೇ ತರ ಮಾಡಲು ನೋಡಿದರು. ಬೂ ಅಂದ ಜನರೇ ಗುದ್ದಾಟ ವಾಪಸ್ ಕೊಡಿ ಅಂತ ಕೇಳಿದ್ದು ನನಗೆ ಜೀರ್ಣವಾಗಲು ಎರಡು ದಿನ ಬೇಕಾಯಿತು. ಈಗ ಡೆನ್ನಿ ಹ್ಯಾಮ್ಲಿನ್ ಅನ್ನುವವನು ಬೂ ಅನ್ನಿಸಿಕೊಳ್ಳುವುದನ್ನೇ ಬಂಡವಾಳ ಮಾಡಿಕೊಂಡಿದ್ದಾನೆ. 2023ರಲ್ಲಿ ಇಲ್ಲಿ ಗೆದ್ದು ಮೈಕ್ ಹಿಡಿದು, ನಿಮ್ಮ ನೆಚ್ಚಿನ ಡ್ರೈವರನ್ನು ಸೋಲಿಸಿದೆ ಅಂತ ಜನಕ್ಕೇ ಚುಚ್ಚಿದ. ಜನ ಇನ್ನೂ ಜೋರಾಗಿ ಕೂಗಿದರು. ಸಂತೋಷವಾಗಿಯೇ ಕೂಗಿದರು ಅಂತ ಕಾಣುತ್ತದೆ.

ನನ್ನನ್ನು ಕೇಳಿದರೆ ನಾನು ಲಬಾಂಟಿ ಕಡೆ. ಅಜ್ಜಿಯೂ ಅದೇ ಕಡೆ, ಅವರಿಗೆ ಅವತ್ತಿನಿಂದಲೂ. ಅಜ್ಜನ ಹತ್ತಿರ ಇನ್ನೂ ಬಾಯಿ ಬಿಟ್ಟಿಲ್ಲ, ಅಜ್ಜಿ ಬಿಡಬೇಡ ಅಂದಿದ್ದಾರೆ. ಮುಂದಿನ ರೇಸಿಗೆ ಮಂಡಿ ನೋವಿದ್ದರೂ ತಾವೇ ಬಂದು ಅವರ ಪಕ್ಕದಲ್ಲಿ ಕೂರುತ್ತಾರಂತೆ, ಬಾಯಿ ಬಿಡಿಸುವುದು ಅಲ್ಲೇ ಅಂತೆ. ಹಾಗಾದರೆ ನನ್ನ ಟಿಕೆಟ್ ನಾನೇ ತಗೋಬೇಕು. ಗಂಡನಿಗೆ ಇನ್ನೂ ಹೇಳಿಲ್ಲ.