ಕಾಲಿನ ಸುದ್ದಿ ನೆತ್ತಿಗೆ ಮುಟ್ಟಿತಾ?

ಬೆನ್ನುಹುರಿಗೆ ಪೆಟ್ಟಾದ ದಿನವೇ ‘ಮತ್ತೆ ನಡೀತಾರಾ?’ ಅಂದರೆ ಯಾವ ಉತ್ತರವೂ ಅವಸರದ್ದೇ. ಪೆಟ್ಟಿನ ಬೆನ್ನಿಗೇ ಬರುವ ತಾತ್ಕಾಲಿಕ ಸ್ತಬ್ಧತೆಯಲ್ಲಿ, ಅಂದರೆ ಸ್ಪೈನಲ್ ಶಾಕ್‌ನಲ್ಲಿ, ಹುರಿ ಮಂಕಾಗಿರುತ್ತದೆ. 72 ಗಂಟೆಯ ಹೊತ್ತಿನ ಪರೀಕ್ಷೆ ಹೆಚ್ಚು ನಂಬಿಕಸ್ತ. ಗುದದ್ವಾರದ ಸುತ್ತ ಪಿನ್ನಿನ ಚುಚ್ಚು ತಿಳಿದರೆ ಒಳ್ಳೆಯ ಸೂಚನೆ.

ರೋಗಿ ಉತ್ತರಿಸುವ ಸ್ಥಿತಿಯಲ್ಲಿಲ್ಲವೇ? ಆಗ ಎಸ್‌ಎಸ್‌ಇಪಿ, ಅಂದರೆ ನರದ ಸಂಕೇತ ಮಿದುಳು ಮುಟ್ಟುತ್ತದಾ ಅಂತ ನೋಡುವ ಪರೀಕ್ಷೆ. ಕಣಕಾಲಿನ ಒಳಬದಿಯ ಟಿಬಿಯಲ್ ನರಕ್ಕೆ ನೂರಾರು ಸಣ್ಣ ಕರೆಂಟ್ ಹೊಡೆತ ಕೊಟ್ಟು, ನೆತ್ತಿಯಲ್ಲಿ ಸುಮಾರು 40 ಮಿಲಿಸೆಕೆಂಡಿಗೆ ಅಲೆ ಏಳುತ್ತದಾ ಅಂತ ಸರಾಸರಿ ತೆಗೆದು ನೋಡುವುದು. ಕಾಲು ತಣ್ಣಗಿದ್ದರೆ ಅಲೆ ತಡವಾಗುತ್ತದೆ, ಮಂಪರಿನ ಮದ್ದು ಅದನ್ನು ಕುಗ್ಗಿಸುತ್ತದೆ. ಹಾಳು ತೊಡಕೆಂದರೆ, ಇದು ಅಳೆಯುವುದು ಮುಖ್ಯವಾಗಿ ಹುರಿಯ ಹಿಂಬದಿಯ ಸ್ಪರ್ಶದ ದಾರಿಯನ್ನು. ಚಲನೆಯ ದಾರಿಗೆ ಮಿದುಳಿನ ಆಜ್ಞೆ ಸ್ನಾಯು ತಲುಪುತ್ತದಾ ಅಂತ ನೋಡುವ ಎಂಇಪಿ ಪರೀಕ್ಷೆ ಬೇಕು: ತಲೆಯ ಮೇಲೆ ಮ್ಯಾಗ್ನೆಟಿಕ್ ಕಾಯಿಲ್, ಕಾಲಿನ ಸ್ನಾಯುವಿನ ಮೇಲೆ ಎಲೆಕ್ಟ್ರೋಡ್. ಅಲ್ಲಿ ಗೆರೆ ಚಪ್ಪಟೆ ಬಂದರೂ ಒಂದೇ ಸಲದ ವರದಿಯಲ್ಲಿ ತೀರ್ಪು ಬರೆಯಬಾರದು. ಕೆಲವು ವಾರ ಬಿಟ್ಟು ಮತ್ತೆ ನೋಡಬೇಕು.