‘ದಾಖಲೆ ಉಂಟಾ?’ ಎಂದು ಕೇಳುವವರಿಗೆ

ಕಾಸರಗೋಡಿನ ಹಳೆಯ ವಿಷಯಗಳನ್ನು ನಾನು ಎಲ್ಲಿ ಎತ್ತಿದರೂ, ಅದು ಮದುವೆಯ ಊಟದ ಪಂಕ್ತಿಯಾಗಿರಲಿ, ಬಸ್ ನಿಲ್ದಾಣವಾಗಿರಲಿ, ಎದುರಾಗುವ ಪ್ರಶ್ನೆ ಒಂದೇ: “ಅದಕ್ಕೆ ದಾಖಲೆ ಉಂಟಾ ಮಾಷ್ಟ್ರೇ?” ಉಂಟು ಎಂದರೆ ಮುಂದೆ ಏನನ್ನೂ ವಿಚಾರಿಸದೆ ಒಪ್ಪಿಕೊಳ್ಳುತ್ತಾರೆ, ಇಲ್ಲ ಎಂದರೆ “ಹಾಗಾದರೆ ಬರೀ ಕಥೆ” ಎಂದು ಮಾತು ಮುಗಿಸುತ್ತಾರೆ. ಎರಡೂ ತಪ್ಪು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿರುವುದರಿಂದ ಬರೆದೇ ಬಿಡುತ್ತೇನೆ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಮನವಿ, ಅಂಕಿಅಂಶ, ಆಯೋಗಗಳ ನಡುವೆ ಬದುಕಿದ ಕನ್ನಡಿಗರಿಗೆ ಕಾಗದದ ಮೇಲೆ ಇಷ್ಟು ಭಕ್ತಿ ಬಂದದ್ದು ನನಗೆ ಅರ್ಥವಾಗುತ್ತದೆ. ಆದರೆ ಕಾಗದವೂ ಯಾರೋ ಒಬ್ಬರು ಯಾವುದೋ ಕೆಲಸಕ್ಕಾಗಿ ಬರೆದದ್ದು. ದಾನಶಾಸನ ಹುಟ್ಟುವುದು ದಾನವನ್ನು ಕಾಪಾಡಲು. ಆದ್ದರಿಂದ ಭೂಮಿಯ ಎಲ್ಲೆ, ಸಾಕ್ಷಿಗಳು, ತಪ್ಪಿದವರಿಗೆ ಶಾಪ ಇವೆಲ್ಲ ಅದರಲ್ಲಿ ವಿವರವಾಗಿರುತ್ತವೆ, ಆ ಭೂಮಿಯನ್ನು ಉತ್ತವರ ವಿಷಯ ಸಾಮಾನ್ಯವಾಗಿ ಇರುವುದಿಲ್ಲ. ಲೋಹದಲ್ಲಿ ಕೊರೆದ ಮಾತ್ರಕ್ಕೆ ಸತ್ಯವೂ ಆಗುವುದಿಲ್ಲ: ಗಂಗರ ಹಲವು ತಾಮ್ರಪಟಗಳನ್ನು ಶಾಸನತಜ್ಞ ಫ್ಲೀಟ್ ಅವರು ಕೂಟಶಾಸನಗಳೆಂದು, ಅಂದರೆ ನಕಲಿ ಶಾಸನಗಳೆಂದು, ತಳ್ಳಿಹಾಕಿದ್ದು ಲಿಪಿ, ಕಾಲಗಣನೆ, ವಂಶಾವಳಿಗಳನ್ನು ಒಂದಕ್ಕೊಂದು ತಾಳೆ ನೋಡಿದ ಮೇಲೆಯೇ. 1801ರಲ್ಲಿ ನಮ್ಮ ಸೀಮೆಯನ್ನು ಹಾದುಹೋದ ಬ್ರಿಟಿಷ್ ವೈದ್ಯ ಫ್ರಾನ್ಸಿಸ್ ಬುಕಾನನ್ ಅವರ ವರದಿ ಬೆಳೆ, ಕಂದಾಯ, ಜಾತಿಗಳ ವಿಷಯದಲ್ಲಿ ಅಮೂಲ್ಯವಾದುದು. ಆದರೆ ಅವರನ್ನು ಕಳುಹಿಸಿದ್ದು ಟಿಪ್ಪುವಿನ ಪತನದ ಬಳಿಕ ಹೊಸದಾಗಿ ಕೈಗೆ ಬಂದ ನಾಡಿನ ಉತ್ಪತ್ತಿಯನ್ನು ತಿಳಿಯಬೇಕಾಗಿದ್ದ ಕಂಪೆನಿ ಸರಕಾರ ಎಂಬುದನ್ನು ಮರೆತು ಅದನ್ನು ಓದಬಾರದು.

ನನ್ನ ಸಿಟ್ಟಿಗೆ ನಿಜವಾದ ಕಾರಣ ಬೇರೆ. ಕೆಲವು ವರ್ಷಗಳ ಹಿಂದೆ ಒಂದು ದೇವಸ್ಥಾನದ ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆಗೆ ಊರಿನ ಚರಿತ್ರೆ ಬರೆದುಕೊಡಿ ಎಂದು ಕೇಳಿದ್ದರು. ನಾನು ಬರೆದುಕೊಟ್ಟದ್ದರಲ್ಲಿ ದೇವಸ್ಥಾನದ ಗದ್ದೆಗಳನ್ನು ತಲೆಮಾರುಗಳಿಂದ ಬೇಸಾಯ ಮಾಡಿದ ಚಾಲಗೇಣಿ ಒಕ್ಕಲುಗಳ, ಅಂದರೆ ಖಾಯಂ ಹಕ್ಕಿಲ್ಲದ ಗೇಣಿದಾರರ, ಬಗ್ಗೆ ಒಂದು ಪುಟವಿತ್ತು. ಆ ಮನೆತನದ ಒಬ್ಬ ಅಜ್ಜಿ ಹೇಳಿದ್ದನ್ನು ಆಧರಿಸಿ ಬರೆದದ್ದು. ಸಂಚಿಕೆ ಅಚ್ಚಾಗಿ ಬಂದಾಗ ಆ ಪುಟವೇ ಇರಲಿಲ್ಲ. ಕೇಳಿದಾಗ ಬಂದ ಉತ್ತರ, “ಅದಕ್ಕೆ ದಾಖಲೆ ಇಲ್ಲವಲ್ಲ.”

ಹೇಗಿರುತ್ತದೆ? ಹಳೆಯ ಭೂದಾಖಲೆಯಲ್ಲಿ ಬರುತ್ತಿದ್ದದ್ದು ಸರಕಾರಕ್ಕೆ ತೀರ್ವೆ (ಭೂಕಂದಾಯ) ಕಟ್ಟುವ ವರ್ಗದಾರನ ಹೆಸರು. ಒಡೆಯ ಬೇಡವೆಂದ ದಿನ ಇಳಿದುಹೋಗಬೇಕಾಗಿದ್ದ ಚಾಲಗೇಣಿದಾರನನ್ನು ಆ ಪುಸ್ತಕಕ್ಕೆ ಸೇರಿಸುವ ಅಗತ್ಯ ಯಾರಿಗಿತ್ತು? 1970ರ ಜನವರಿ 1ರಂದು ಕೇರಳದಲ್ಲಿ ಗೇಣಿ ಪದ್ಧತಿ ರದ್ದಾಗಿ ಉಳುವವರು ಹಕ್ಕಿಗೆ ಅರ್ಜಿ ಹಾಕಿದ ಮೇಲೆ ಇಂಥ ಎಷ್ಟೋ ಹೆಸರುಗಳು ಕಡತಗಳನ್ನು ಹೊಕ್ಕವು. ಅದಕ್ಕೂ ಮೊದಲು ಅವರು ಇರಲೇ ಇಲ್ಲವೆಂದು ಬರೆಯಲು ನನ್ನಿಂದಾಗದು.

ಅಜ್ಜಿ ಹೇಳಿದ್ದೆಲ್ಲವನ್ನೂ ಹಾಗೆಯೇ ನಂಬಿದ್ದೇನೆಂದು ಇದರ ಅರ್ಥವಲ್ಲ. ಅವರು ತಮ್ಮ ಅಜ್ಜನ ಕಾಲವನ್ನೂ ಆ ಅಜ್ಜನ ತಂದೆಯ ಕಾಲವನ್ನೂ ಒಂದಾಗಿಸಿ ಹೇಳಿದ್ದರು. ಮನೆಯಲ್ಲಿ ಉಳಿದಿದ್ದ ಗೇಣಿ ಚೀಟನ್ನು ನೋಡಿದಾಗ ಅದು ಗೊತ್ತಾಯಿತು. ಆದರೆ ಸರ್ವೆ ನಂಬರು ಮಾತ್ರ ಇದ್ದ ಕಡೆಯಲ್ಲಿ ಅವರು ಪ್ರತಿ ಗದ್ದೆಯ ಹೆಸರನ್ನು, ನೀರು ಯಾವುದರಿಂದ ಯಾವುದಕ್ಕೆ ಹರಿಯುತ್ತಿತ್ತೆಂಬುದನ್ನು, ನೇಜಿ (ಭತ್ತದ ಸಸಿ) ನೆಡುವಾಗ ಹಾಡುತ್ತಿದ್ದ ಪಾಡ್ದನವನ್ನು, ಅಂದರೆ ತುಳು ಕಥನಗೀತೆಯನ್ನು, ಹೇಳಿದರು. ಪಾಡ್ದನದಿಂದ ಇಸವಿ ಸಿಗುವುದಿಲ್ಲ. ಯಾರು ಯಾರ ಅಂಗಳದವರೆಗೆ ಮಾತ್ರ ಬರಬಹುದಿತ್ತು ಎಂಬುದು ಸಿಗುತ್ತದೆ, ಮತ್ತು ಅದನ್ನು ಯಾವ ಕಂದಾಯ ಪುಸ್ತಕವೂ ಹೇಳಲಾರದು.

ಆದ್ದರಿಂದ ನನ್ನನ್ನು ಕೇಳುವುದಿದ್ದರೆ, ಈ ದಾಖಲೆ ಯಾರದು, ಇದರಲ್ಲಿ ಯಾರನ್ನು ಬಿಟ್ಟಿದ್ದಾರೆ ಎಂದು ಕೇಳಿ; ಸಂಜೆಯವರೆಗೆ ಕುಳಿತು ಮಾತಾಡುತ್ತೇನೆ. ಅಚ್ಚಾಗದ ಆ ಪುಟ ನನ್ನಲ್ಲಿ ಉಂಟು. ಅಜ್ಜಿ ಮಾತಾಡಿದ ದಿನವನ್ನು, ಆಗ ಜೊತೆಗೆ ಯಾರಿದ್ದರೆಂಬುದನ್ನು, ನಾನು ಕೇಳಿದ ಪ್ರಶ್ನೆಗಳನ್ನು ಕೇಳಿದ ಹಾಗೆಯೇ ಅದರ ಕೆಳಗೆ ಬರೆದಿಟ್ಟಿದ್ದೇನೆ. ಅವರ ಬಾಯಿಂದ ನನಗೆ ಬೇಕಾದ ಉತ್ತರವನ್ನು ನಾನೇ ಹೊರಡಿಸಿದೆನೇ ಎಂದು ಮುಂದೆ ಓದುವವರು ಪರೀಕ್ಷಿಸಬೇಕು.