ದೊಡ್ಡ ಸಸ್ಪೆನ್ಷನ್ ಸೈಕಲ್ ಕೊಡುತ್ತೇವೆ ಎಂದರೆ ಹಿಗ್ಗಬೇಡಿ: ಟ್ರೇಲ್ ರೈಡಿಂಗ್‌ಗೆ ಹೊರಟವರಿಗೆ

ಬೆಟ್ಟದ ಟ್ರೇಲ್‌ಗಳಿಗೆ ಹೋಗಿ ಅಲ್ಲೇ ಮೌಂಟನ್ ಬೈಕ್ ಬಾಡಿಗೆಗೆ ತೆಗೆದುಕೊಳ್ಳುವ ಯೋಚನೆ ಇದ್ದರೆ ಇದನ್ನು ಓದಿ. ನಾವು ಬುಕ್ ಮಾಡಿದ್ದು 130 ಮಿ.ಮೀ. ಟ್ರಾವೆಲ್‌ನ ಟ್ರೇಲ್ ಸೈಕಲ್. ಹೋಗಿ ನೋಡಿದರೆ ಅಂಗಡಿಯವರು ಹೊರಗೆ ತಂದು ನಿಲ್ಲಿಸಿದ್ದು 170 ಮಿ.ಮೀ.ನ ಎಂಡ್ಯೂರೋ ಸೈಕಲ್, ಕಡಿದಾದ ಇಳಿಜಾರುಗಳಿಗೆಂದು ಮಾಡಿದ್ದು. "ಇದು ಅದಕ್ಕಿಂತ ಮೇಲಿನದು, ಬಾಡಿಗೆ ಮಾತ್ರ ಅಷ್ಟೇ" ಎಂದರು. ಅವರ ಲೆಕ್ಕದಲ್ಲಿ ಅದು ಉಪಕಾರ. ನಾವು ಓಡಿಸಬೇಕಿದ್ದ ಟ್ರೇಲ್‌ಗಳ ಲೆಕ್ಕದಲ್ಲಿ ಶಿಕ್ಷೆ.

ಟ್ರಾವೆಲ್ ಎಂದರೆ ಚಕ್ರ ಎಷ್ಟು ಮೇಲೆ ಕೆಳಗೆ ಆಡಬಹುದು ಎನ್ನುವ ಅಳತೆ. ಕ್ರಾಸ್ ಕಂಟ್ರಿಗೆ 100ರಿಂದ 120, ಟ್ರೇಲ್‌ಗೆ 120ರಿಂದ 150, ಎಂಡ್ಯೂರೋಗೆ ಅದಕ್ಕಿಂತ ಮೇಲೆ, ಡೌನ್‌ಹಿಲ್‌ಗೆ ಹತ್ತಿರ ಹತ್ತಿರ 200 ಮಿ.ಮೀ. ಇಷ್ಟು ಎಲ್ಲರಿಗೂ ಗೊತ್ತು. ಬಾಡಿಗೆಗೆ ತೆಗೆದುಕೊಳ್ಳುವಾಗ ಮರೆತುಹೋಗುವ ವಿಷಯ ಬೇರೆ ಇದೆ. ಟ್ರಾವೆಲ್ ಒಂದೇ ಬರುವುದಿಲ್ಲ, ಅದರ ಜೊತೆಗೆ ಬೇರೆಯದೇ ಫ್ರೇಮ್ ಬರುತ್ತದೆ. ನಮಗೆ ಕೊಟ್ಟಿದ್ದರ ಹೆಡ್ ಆಂಗಲ್, ಅಂದರೆ ಮುಂದಿನ ಚಕ್ರ ಹಿಡಿಯುವ ಫೋರ್ಕ್ ನೆಲಕ್ಕೆ ವಾಲಿರುವ ಕೋನ, 63.5 ಡಿಗ್ರಿ. ಅದು ಕಡಿಮೆಯಾದಷ್ಟೂ ವಾಲುವುದು ಜಾಸ್ತಿ. ಫೋರ್ಕ್ ಮುಂದಕ್ಕೆ ಚಾಚಿಕೊಂಡು ನಿಂತಿತ್ತು, ವೀಲ್‌ಬೇಸ್ (ಎರಡು ಚಕ್ರಗಳ ನಡುವಿನ ಅಂತರ) ಉದ್ದ, ತೂಕವೂ ಜಾಸ್ತಿ.

ಇಂಥ ಸೈಕಲ್ ಕಡಿದಾದ ಇಳಿಜಾರಿನಲ್ಲಿ ವೇಗವಾಗಿ ಹೋಗುವಾಗ ಬಂಡೆಯಂತೆ ಸ್ಥಿರ. ಮುಂದಿನ ಚಕ್ರ ಕಲ್ಲಿಗೆ ಬಡಿದರೂ ತಾನಾಗಿಯೇ ನೇರಕ್ಕೆ ಬರುತ್ತದೆ. ಅದೇ ಗುಣ ನಿಧಾನಕ್ಕೆ ಹೋಗುವಾಗ ಕಾಟ ಕೊಡುತ್ತದೆ. ಹ್ಯಾಂಡಲ್ ಚೂರು ತಿರುಗಿಸಿದರೆ ಸಾಕು, ಚಕ್ರ ಪಕ್ಕಕ್ಕೆ ವಾಲಿ ಬೀಳುತ್ತದೆ. ಅದನ್ನು ಹಿಡಿದು ನಿಲ್ಲಿಸುವುದಕ್ಕೇ ತೋಳು ಸೋಲುತ್ತದೆ. ನಮ್ಮ ಟ್ರೇಲ್‌ನಲ್ಲಿ ಅರ್ಧಕ್ಕರ್ಧ ಏರು, ಮಿಕ್ಕಿದ್ದು ಮರಗಳ ನಡುವೆ ಸುತ್ತಿ ಸುತ್ತಿ ಹೋಗುವ ಸಣ್ಣ ದಾರಿ. ಏರಿನಲ್ಲಿ ಮುಂದಿನ ಚಕ್ರ ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಲೆಯುತ್ತಿತ್ತು. ಕಡಿದಾದ ತಿರುವುಗಳಲ್ಲಿ ಕಾಲು ಕೆಳಗಿಡದೆ ದಾಟುವುದೇ ಕಷ್ಟ. ಸಣ್ಣ ಸಣ್ಣ ದಿಬ್ಬಗಳ ಮೇಲೆ ಮೈ ಒತ್ತಿ ವೇಗ ಪಡೆಯೋಣವೆಂದರೆ, ಒತ್ತಿದ್ದನ್ನೆಲ್ಲ ಸಸ್ಪೆನ್ಷನ್ನೇ ನುಂಗುತ್ತಿತ್ತು.

ಪೆಡಲ್ ಬೇರೆ ಪದೇ ಪದೇ ಕಲ್ಲಿಗೆ ತಾಗುತ್ತಿತ್ತು. ಇದು ಮಾತ್ರ ಅನುಮಾನ ಹುಟ್ಟಿಸಿತು, ಯಾಕೆಂದರೆ ಆ ಫ್ರೇಮಿನ ಬಾಟಮ್ ಬ್ರಾಕೆಟ್, ಅಂದರೆ ಪೆಡಲ್‌ಗಳು ತಿರುಗುವ ಅಚ್ಚಿನ ಜಾಗ, ಅಷ್ಟು ಕೆಳಗಿಲ್ಲ. ಒಂದು ಕಡೆ ನಿಲ್ಲಿಸಿ ಸ್ಯಾಗ್ ಅಳೆದೆವು. ಸ್ಯಾಗ್ ಎಂದರೆ ಸವಾರ ಕೂತಾಗ, ಅವನ ಭಾರಕ್ಕೇ ಸಸ್ಪೆನ್ಷನ್ ಎಷ್ಟು ಕುಗ್ಗುತ್ತದೆ ಎನ್ನುವುದು. ಹಿಂದಿನ ಶಾಕ್‌ನ (ಗಾಳಿ ತುಂಬಿದ ಸಸ್ಪೆನ್ಷನ್ ಕೊಳವೆ) ಕಡ್ಡಿಯ ಮೇಲೆ ಒಂದು ಸಣ್ಣ ರಬ್ಬರ್ ರಿಂಗ್ ಇರುತ್ತದೆ. ಅದನ್ನು ಸೀಲ್‌ಗೆ ತಾಗುವವರೆಗೆ ತಳ್ಳಿ. ಬೆನ್ನ ಮೇಲಿನ ನೀರಿನ ಬ್ಯಾಗ್ ಸಮೇತ ಮೆಲ್ಲಗೆ ಹತ್ತಿ ಕೂತುಕೊಳ್ಳಿ, ಕುಪ್ಪಳಿಸದೆ ಇಳಿಯಿರಿ. ರಿಂಗ್ ಎಷ್ಟು ಸರಿದಿದೆಯೋ ಅದೇ ಅಳತೆ. ಆ ಶಾಕ್‌ನ ಸ್ಟ್ರೋಕ್ (ಅದು ಪೂರ್ತಿ ಕುಗ್ಗಬಲ್ಲ ಅಳತೆ) 65 ಮಿ.ಮೀ. ರಿಂಗ್ ಸರಿದಿದ್ದು 26. ಅಂದರೆ ಶೇ. 40. ಹಿಂದೆ ಶೇ. 30ರ ಸುಮಾರಿಗೆ, ಮುಂದೆ ಫೋರ್ಕ್‌ನಲ್ಲಿ ಶೇ. 20ರ ಆಸುಪಾಸಿನಲ್ಲಿ ಇದ್ದರೆ ಸರಿ. ಯಾರೋ ಹಗುರ ಸವಾರನಿಗೆ ಹಾಕಿದ್ದ ಗಾಳಿಯನ್ನೇ ಬಿಟ್ಟು, ಅಂಗಡಿಯವರು ಸುಮ್ನೆ ಕೈಗಿತ್ತಿದ್ದರು.

ಇದರಿಂದ ಜ್ಯಾಮಿತಿ ಎಷ್ಟು ಕೆಡುತ್ತದೆ ನೋಡಿ. 170 ಮಿ.ಮೀ. ಟ್ರಾವೆಲ್‌ನಲ್ಲಿ ಶೇ. 10 ಹೆಚ್ಚು ಕುಗ್ಗಿದರೆ ಹಿಂಭಾಗ ಸುಮಾರು 17 ಮಿ.ಮೀ. ಕೆಳಗೆ ಕೂರುತ್ತದೆ. 1,240 ಮಿ.ಮೀ. ವೀಲ್‌ಬೇಸ್‌ಗೆ ಅದು ಹೆಚ್ಚು ಕಡಿಮೆ ಮುಕ್ಕಾಲು ಡಿಗ್ರಿ. ಹೆಡ್ ಆಂಗಲ್ 63ಕ್ಕಿಂತ ಕೆಳಗೆ ಹೋಯಿತು. ಸೀಟು ಅಷ್ಟೇ ಹಿಂದಕ್ಕೆ ವಾಲಿತು. ಬಾಟಮ್ ಬ್ರಾಕೆಟ್ ಒಂದು ಸೆಂಟಿಮೀಟರ್‌ನಷ್ಟು ಇಳಿಯಿತು. ಪೆಡಲ್ ಯಾಕೆ ಬಡಿಯುತ್ತಿತ್ತು ಎನ್ನುವುದಕ್ಕೆ ಉತ್ತರ ಇದೇ. ಏರಿನಲ್ಲಿ ಭಾರ ಹಿಂದಕ್ಕೆ ಸರಿಯುವುದರಿಂದ ಇದೆಲ್ಲ ಇನ್ನೂ ಜಾಸ್ತಿಯಾಗುತ್ತದೆ. ಕಂಪನಿಯ ಪಟ್ಟಿಯಲ್ಲಿ ಅಚ್ಚಾಗಿರುವ ಅಂಕಿಗಳು ಯಾರೂ ಹತ್ತದೆ ನಿಂತಿರುವ ಸೈಕಲ್ಲಿನವು. ನಾವು ಓಡಿಸುವುದು ಕುಗ್ಗಿದ ಸೈಕಲ್ಲನ್ನು ಅಲ್ವಾ?

ಆದ್ದರಿಂದ ಬೇರೇನು ಬಿಟ್ಟರೂ ಶಾಕ್ ಪಂಪ್ ಬಿಟ್ಟು ಹೋಗಬೇಡಿ. ಜೇಬಿಗಿಂತ ಸ್ವಲ್ಪ ದೊಡ್ಡದಷ್ಟೇ. ಟೈರಿನ ಪಂಪ್ ಇಲ್ಲಿ ಕೆಲಸಕ್ಕೆ ಬಾರದು, ಶಾಕ್‌ಗೆ 200 ಪಿಎಸ್‌ಐ ದಾಟಿಯೂ ಗಾಳಿ ಬೇಕಾಗಬಹುದು. ಪಂಪ್ ಸಿಕ್ಕಿಸಿದ ಕೂಡಲೇ ಮುಳ್ಳು ಕಡಿಮೆ ತೋರಿಸುತ್ತದೆ, ಸ್ವಲ್ಪ ಗಾಳಿ ಪಂಪಿನ ಕೊಳವೆಗೆ ಬಂದಿರುತ್ತದೆ. ಬಿಚ್ಚುವಾಗ ಬರುವ "ಪುಸ್" ಸದ್ದು ಆ ಕೊಳವೆಯ ಗಾಳಿಯದು, ಶಾಕ್‌ನಿಂದ ಸೋರಿದ್ದಲ್ಲ. ಗಾಬರಿಯಾಗಿ ಮತ್ತೆ ಮತ್ತೆ ತುಂಬಬೇಡಿ. ಗಾಳಿ ಹೆಚ್ಚಿಸಿದ ಮೇಲೆ ರಿಬೌಂಡ್ (ಕುಗ್ಗಿದ ಶಾಕ್ ಮರಳಿ ಚಾಚುವ ವೇಗ) ಕೂಡ ಒಂದೆರಡು ಕ್ಲಿಕ್ ನಿಧಾನ ಮಾಡಿ, ಇಲ್ಲದಿದ್ದರೆ ಹಿಂದಿನ ಚಕ್ರ ಒದೆಯುತ್ತದೆ.

ಗಾಳಿ ಸರಿ ಮಾಡಿದ ಮೇಲೆ ದೊಡ್ಡ ಸೈಕಲ್ ಎಷ್ಟೋ ವಾಸಿಯಾಯಿತು. ಆದರೂ ಅದು ಆ ಟ್ರೇಲ್‌ನ ಸೈಕಲ್ ಅಲ್ಲ. ಮರಳಿ ಹೋಗಿ ಜಗಳವಾಡಿ ಬದಲಿಸಿಕೊಂಡೆ. ಅಂಗಡಿಯ ಹಿಂದೆ, ಬಣ್ಣ ಕಿತ್ತುಹೋದ ಒಂದು ಹಳೆಯ ಸೈಕಲ್ ಇತ್ತು. ಹಿಂದೆ 130, ಮುಂದೆ 140 ಮಿ.ಮೀ., ಹೆಡ್ ಆಂಗಲ್ 65.5. ಬಾಡಿಗೆಯೂ ಕಡಿಮೆ. ಅದನ್ನು ಎಷ್ಟು ಹೊಗಳಿದರೂ ಸಾಲದು! ಒಂದು ತುಳಿತ ತುಳಿದರೆ ಒಂದು ತುಳಿತದಷ್ಟು ಮುಂದೆ ಹೋಗುತ್ತಿತ್ತು. ತಿರುವಿನಲ್ಲಿ ನೋಟ ಎತ್ತಲೋ ಚಕ್ರ ಅತ್ತಲೇ. ದಿಬ್ಬದ ತುದಿಯಲ್ಲಿ ಮೈ ಹಗುರ ಮಾಡಿದರೆ ನೆಲ ಬಿಟ್ಟು ಏಳುತ್ತಿತ್ತು. ಕಲ್ಲುಗಳ ಇಳಿಜಾರಿನಲ್ಲಿ ಕೈ ನಡುಗಿತು, ನಿಜ. ದೊಡ್ಡ ಸೈಕಲ್ಲನ್ನೇ ಇಟ್ಟುಕೊಂಡ ಗೆಳೆಯ ಅಲ್ಲಿ ನನ್ನನ್ನು ಹಿಂದಿಕ್ಕಿ ಹೋಗಿಬಿಟ್ಟ. ಏರಿನ ತುದಿಯಲ್ಲಿ ಮಾತ್ರ ನಾನೇ ಅವನಿಗಾಗಿ ಕಾಯುತ್ತಿದ್ದೆ.

ಮೌಂಟನ್ ಬೈಕ್‌ಗಳ ಮೊದಮೊದಲ ಸಸ್ಪೆನ್ಷನ್ ಫೋರ್ಕ್‌ಗಳಲ್ಲಿ ಒಂದಾದ, 1989ರಲ್ಲಿ ಬಂದ ರಾಕ್‌ಶಾಕ್ಸ್ ಆರ್‌ಎಸ್-1ರ ಟ್ರಾವೆಲ್ 5 ಸೆಂ.ಮೀ. ಕೂಡ ಇರಲಿಲ್ಲ. ಆ ಕಾಲದ ಫ್ರೇಮ್‌ಗಳ ಹೆಡ್ ಆಂಗಲ್ 71ರ ಸುಮಾರು, ಹ್ಯಾಂಡಲ್ ಹಿಡಿಯುವ ಸ್ಟೆಮ್ ಮಾರುದ್ದ. ಇವತ್ತಿನ 130ರ ಸೈಕಲ್ ಧೈರ್ಯ ಕೊಡುವುದರಲ್ಲಿ ಟ್ರಾವೆಲ್‌ನಷ್ಟೇ ಪಾಲು ಉದ್ದವಾದ ರೀಚ್ (ಬಾಟಮ್ ಬ್ರಾಕೆಟ್‌ನಿಂದ ಫ್ರೇಮಿನ ಮುಂತುದಿಗೆ ಇರುವ ಅಡ್ಡಳತೆ), ಗಿಡ್ಡ ಸ್ಟೆಮ್ ಮತ್ತು ವಾಲಿದ ಫೋರ್ಕ್‌ಗೂ ಇದೆ.

ಮೇಲಕ್ಕೆ ಬಿಡುವ ವ್ಯಾನ್ ಬಗ್ಗೆ ಒಂದು ಮಾತು. ಒಮ್ಮೆ ಹತ್ತಿದೆವು. ಸೈಕಲ್‌ಗಳನ್ನು ಒಂದರ ಮೇಲೊಂದು ಒರಗಿಸಿ ಕಟ್ಟಿದ್ದರು. ಇಳಿಸುವಾಗ ನೋಡಿದರೆ ಪಕ್ಕದವರ ಪೆಡಲ್ ನನ್ನ ಫೋರ್ಕ್‌ನ ನುಣುಪಾದ ಕಾಲಿಗೆ ಒರಗಿಕೊಂಡಿದೆ. ಅಲ್ಲೊಂದು ಗೀರು ಬಿದ್ದರೆ ಸೀಲ್ ಹರಿದು ಎಣ್ಣೆ ಸೋರುತ್ತದೆ, ದಂಡ ಕಟ್ಟುವವರು ನೀವೇ. ನಡುವೆ ಬಟ್ಟೆ ಇಡಿಸಿ, ಹೊರಡುವ ಮುಂಚೆ ಫೋಟೋ ತೆಗೆದುಕೊಳ್ಳಿ. ನಾನಂತೂ ಆಮೇಲೆ ತುಳಿದುಕೊಂಡೇ ಹತ್ತಿದೆ. ಅಷ್ಟು ಜನರ ನಡುವೆ ಮೊಣಕಾಲು ಮಡಚಿ ಕೂರುವುದಕ್ಕಿಂತ ಏರೇ ಮೇಲು.

ಬುಕ್ ಮಾಡುವಾಗ ಟ್ರಾವೆಲ್ ಜೊತೆಗೆ ಹೆಡ್ ಆಂಗಲ್ ಮತ್ತು ರೀಚ್ ಕೇಳಿ. ಮೀಡಿಯಂ, ಲಾರ್ಜ್ ಎನ್ನುವ ಮಾತನ್ನು ನಂಬಬೇಡಿ, ಒಂದು ಕಂಪನಿಯ ಮೀಡಿಯಂ ಇನ್ನೊಂದರ ಲಾರ್ಜ್‌ನಷ್ಟು ಉದ್ದ ಇರಬಹುದು. ನಿಮ್ಮ ಸ್ವಂತ ಸೈಕಲ್ಲಿನ ರೀಚ್ ಬರೆದಿಟ್ಟುಕೊಂಡು ಅದಕ್ಕೆ ಹತ್ತಿರದ್ದನ್ನು ಆರಿಸಿ. ಫ್ರೇಮಿನಲ್ಲಿ ಫ್ಲಿಪ್ ಚಿಪ್ (ತಿರುಗಿಸಿ ಹಾಕಿ ಫ್ರೇಮಿನ ಕೋನ ಬದಲಿಸುವ ಸಣ್ಣ ತುಂಡು) ಇದ್ದರೆ ಏರು ಜಾಸ್ತಿ ಇರುವ ಕಡೆ ಎತ್ತರದ ಸ್ಥಾನಕ್ಕೆ ಹಾಕಿಸಿ. ಸಾಮಾನ್ಯವಾಗಿ ಅರ್ಧ ಡಿಗ್ರಿಯಷ್ಟು ವ್ಯತ್ಯಾಸ, ಪೆಡಲ್ ಬಡಿಯುವುದೂ ಕಡಿಮೆ. ಲಿಫ್ಟ್‌ನಲ್ಲಿ ಹತ್ತಿ ಬರೀ ಇಳಿಯುವ ಬೈಕ್ ಪಾರ್ಕ್‌ಗೆ ಹೋಗುವವರಾದರೆ 170 ಅನ್ನೇ ತೆಗೆದುಕೊಳ್ಳಿ. ಅಲ್ಲಿನ ಕ್ಯೂ ನನಗಾಗದು, ಹಾಗಾಗಿ ಆ ಕಡೆ ಹೋಗಲಿಲ್ಲ.